ಬ್ಲಾಸಮ್ ಎಷ್ಟು ಸೆಂಟು?

ತಡೀರಿ ತಡೀರಿ, ಈಗ್ಲೇ ಹೋಗ್ಬೇಡಿ. ಒಲೆ ಮೇಲೆ ಹಾಲಿಟ್ಟಿದ್ರೆ ಇಳಿಸಿಟ್ಟು ಬನ್ನಿ. ಇದನ್ನ ಕೇಳ್ದೆ ಹೋದ್ರೆ ಆಮೇಲೆ ನೀವೇ ನನ್ನ ಬೈತೀರ.

ನಮ್ಮ ಮಾವ ಇದಾರಲ್ಲ, ಅಮ್ಮನ ತಮ್ಮ, ಅವ್ರು ಮೂಡಿಗೆರೆಯಲ್ಲಿ ಒಂದು ಸಿಲ್ವರ್ ಓಕ್ ಮರಕ್ಕೆ ಮೂರು ತಿಂಗಳು ಕಬಡ್ಡಿ ಕಲಿಸಿದಾರೆ! ಸುಳ್ಳಲ್ಲ. ಆ ಮರಕ್ಕೇನಾದ್ರೂ ನಾಳೆ ಬೆಳಿಗ್ಗೆ ಕಾಲು ಬಂತು ಅಂದ್ಕೊಳ್ಳಿ, ನೇರ ರಾಜ್ಯ ತಂಡಕ್ಕೇ ಹೋಗುತ್ತೆ. ಅಷ್ಟು ಶ್ರದ್ಧೆಯಿಂದ ಕಲಿಸಿದಾರೆ. ಪಕ್ಕದಲ್ಲಿ ನಾವು ಒಂಬತ್ತು ಜನ ಹುಡ್ಗೀರು ನಿಂತಿರ್ತಿದ್ವಿ. ಮರಕ್ಕೆ ಹೇಳಿದ್ದನ್ನ ಕದ್ದು ಕೇಳಿಸ್ಕೊಂಡು ನಾವೂ ಸ್ವಲ್ಪ ಕಲಿತ್ವಿ.

ಆಗಿದ್ದಿಷ್ಟು. ನಮಗೆ ಹೇಳ್ಕೊಡ್ತಿದ್ದ ಮೇಡಮ್ಮಿಗೆ ಟ್ರಾನ್ಸ್‌ಫರ್ ಆಯ್ತು. ತಂಡ ಇದೆ, ಕಲಿಸೋರಿಲ್ಲ. ನಾನು ಫೋನಲ್ಲಿ ವಿಡಿಯೋ ನೋಡಿ ನೋಡಿ ಕಬಡ್ಡಿ ಪಂಡಿತೆ ಆಗಿದ್ದೆ. ನಾನೇ ಕಲಿಸ್ತೀನಿ ಅಂತ ಹೊರಟು ಒಂದೇ ದಿನಕ್ಕೆ ಇಬ್ಬರ ಕಾಲು ಉಳುಕಿಸಿದೆ. ಆಗ ಅಮ್ಮ, ಮಾವನ್ನ ಹಿಡಿದ್ರು. ಮಾವ ವಯಸ್ಸಲ್ಲಿ ಒಳ್ಳೆ ಆಟಗಾರರು. ಆಮೇಲೆ ಹದಿನೈದು ವರ್ಷ ಒಂದು ಎಸ್ಟೇಟಲ್ಲಿ ರೈಟರ್ ಆಗಿದ್ರು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಎಸ್ಟೇಟ್ ರೈಟರ್ ಅಂದ್ರೆ ಕತೆ ಬರೆಯೋರಲ್ಲ. ಆಳುಗಳ ಹಾಜರಿ, ಮಳೆ ಲೆಕ್ಕ ಎಲ್ಲ ಬರೆಯೋರು. ಮದುವೆ ಆಗ್ಲಿಲ್ಲ. ಮನೇಲಿ ಅಮ್ಮ, ನಾನು ಬಿಟ್ರೆ ಬೇರೆ ಹೆಣ್ಮಕ್ಕಳ ಹತ್ರ ಅವ್ರು ಮಾತಾಡಿದ್ದನ್ನ ಕಂಡೋರಿಲ್ಲ. ಬಸ್ಸಲ್ಲಿ ಲೇಡಿ ಕಂಡಕ್ಟರ್ ಇದ್ರೆ ಚಿಲ್ಲರೆ ಬಿಟ್ಟೇ ಇಳೀತಾರೆ!

"ಗಂಡಸು ಕೋಚು, ಹೆಣ್ಮಕ್ಳ ಟೀಮು. ಊರೆಲ್ಲ ಕಣ್ಣಿಟ್ಟಿರುತ್ತೆ. ಮಾತು ಎಷ್ಟು ಕಮ್ಮಿ ಇರುತ್ತೋ ಅಷ್ಟು ಮರ್ಯಾದೆ" ಅಂತ ಅಮ್ಮನ ಹತ್ರ ಮೊದ್ಲೇ ಷರತ್ತು ಹಾಕಿದ್ರು.

ಕಮ್ಮಿ ಅಂದ್ರೆ ಎಷ್ಟು ಕಮ್ಮಿ ಅಂತ ಅಮ್ಮ ಕೇಳ್ಬೇಕಿತ್ತು. ಕೇಳ್ಲಿಲ್ಲ.

ಮೊದಲ್ನೇ ದಿನ ಗ್ರೌಂಡಿಗೆ ಬಂದ್ರು. ನಮ್ಮ ಕಡೆ ಒಂದ್ಸಲ ತಲೆ ಆಡಿಸಿದ್ರು. ಆಮೇಲೆ ಗ್ರೌಂಡಿನ ಅಂಚಿಗೆ ಕಾಫಿ ತೋಟದ ಬೇಲಿ ಇದೆಯಲ್ಲ, ಅಲ್ಲಿರೋ ಸಿಲ್ವರ್ ಓಕ್ ಕಡೆ ತಿರುಗಿ ಶುರು ಮಾಡಿದ್ರು. "ಬಲಗಡೆ ಮೂಲೆ ಒಂದು ಹೆಜ್ಜೆ ಹಿಂದಕ್ಕೆ ಇರ್ಬೇಕು. ನಡುವೆ ಇರೋರು ಕೈ ಹಿಡ್ಕೋಬೇಕು. ರೈಡರ್ ಕಾಲು ನೋಡ್ಬೇಕು, ಮುಖ ನೋಡ್ಬಾರ್ದು. ನಗ್ಬಾರ್ದು."

ನೀವೊಂದು ಗಮನಿಸಿದ್ರಾ? ಕನ್ನಡದಲ್ಲಿ ಈ 'ಬೇಕು' ಅನ್ನೋದಿದೆ ನೋಡಿ, ಅದಕ್ಕೆ ಹೆಣ್ಣಿಲ್ಲ, ಗಂಡಿಲ್ಲ, ನೀನೂ ಇಲ್ಲ, ನೀವೂ ಇಲ್ಲ. ಯಾರಿಗಾದ್ರೂ ಹೇಳ್ಬಹುದು, ಯಾರಿಗೂ ಹೇಳದ ಹಾಗೂ ಇರ್ಬಹುದು. ಮಾವ ಮೂರು ತಿಂಗಳು ಬರೀ 'ಬೇಕು', 'ಬಾರ್ದು' ಎರಡರಲ್ಲೇ ಕಬಡ್ಡಿ ಕಲಿಸಿದ್ರು! ಮನೇಲಿ ನನ್ನನ್ನ "ಏ ಕೋತಿ, ಉಪ್ಪಿನಕಾಯಿ ತಾ" ಅನ್ನೋ ಮನುಷ್ಯ, ಗ್ರೌಂಡಲ್ಲಿ "ಎಡಗಡೆ ಯಾರೋ ಇದಾರೆ, ಅವ್ರು ಶೂ ಲೇಸ್ ಕಟ್ಕೋಬೇಕು" ಅಂತಿದ್ರು. ಯಾರೋ! ಬೆಳಿಗ್ಗೆ ತಾನೇ ಒಂದೇ ತಟ್ಟೇಲಿ ಕಡುಬು ತಿಂದಿದ್ವಿ.

ಒಂದಿನ ಆ ತೋಟದ ಮೇಸ್ತ್ರಿ ಇಬ್ಬರು ಆಳು ಕರ್ಕೊಂಡು ಮರಗಸಿಗೆ ಬಂದ. ನೆರಳಿನ ಮರದ ಕೊಂಬೆ ಸವರೋ ಕೆಲಸಕ್ಕೆ ನಮ್ಮ ಕಡೆ ಮರಗಸಿ ಅಂತಾರೆ. ನಮ್ಮ ಸಿಲ್ವರ್ ಓಕಿಗೆ ಏಣಿ ಹಾಕಿದ್ದೇ ತಡ, ಮಾವ ಓಡಿ ಹೋಗಿ ಏಣಿ ಹಿಡ್ಕೊಂಡ್ರು. "ಇದೊಂದು ಬಿಟ್ಬಿಡು ಮಾರಾಯ. ಪ್ರಾಕ್ಟೀಸ್ ಇದೆ."

ಮೇಸ್ತ್ರಿ ಮರ ನೋಡಿದ, ಮಾವನ್ನ ನೋಡಿದ, ಪಕ್ಕದ ಮರಕ್ಕೆ ಏಣಿ ಸಾಗಿಸಿದ. ಅವತ್ತಿಂದ ಆ ದಾರೀಲಿ ಓಡಾಡೋವಾಗ ಅವ್ನು ನಮ್ಮ ಮಾವನಿಗೆ ಸ್ವಲ್ಪ ಜಾಸ್ತಿನೇ ದೂರ ಬಿಟ್ಟು ನಡೀತಾನೆ.

ಇನ್ನು ಗುಂಡಕ್ಕನ ವಿಷಯ ಹೇಳ್ದಿದ್ರೆ ಪಾಪ ಬರುತ್ತೆ.

ಕಬಡ್ಡೀಲಿ ರೈಡರ್ ಕಾಲು ಹಿಡಿಯೋದು ಕಲಿಸ್ಬೇಕಲ್ಲ? ಬೇರೆ ಕೋಚುಗಳು ಹಿಡಿದು ತೋರಿಸ್ತಾರೆ. ನಮ್ಮ ಮಾವನೋ, ನಮ್ಮ ನೆರಳು ಮೇಲೆ ಬಿದ್ರೂ ಪಕ್ಕಕ್ಕೆ ಸರಿಯೋರು! ಅದಕ್ಕೆ ಕಾಫಿ ಬೀಜ ಹಸನು ಮಾಡೋ ಕ್ಯೂರಿಂಗ್ ವರ್ಕ್ಸಿಂದ ಹೊಟ್ಟು ತಂದು ಒಂದು ಗೋಣಿಚೀಲಕ್ಕೆ ತುಂಬಿ, ತಮ್ಮ ಹಳೇ ಜೆರ್ಸಿ ತೊಡಿಸಿ, ಕೆಳಗೆ ಎರಡು ಗಮ್‌ಬೂಟ್ ಕಟ್ಟಿ ತಂದ್ರು. ಅದೇ ನಮ್ಮ ರೈಡರ್. ಗುಂಡಕ್ಕ ಅಂತ ಹೆಸರಿಟ್ಟಿದ್ದು ನಸೀಮಾ. ಬಸ್ ಸ್ಟ್ಯಾಂಡ್ ಹತ್ರ ಜೀಪ್ ರಿಪೇರಿ ಮಾಡ್ತಾರಲ್ಲ, ಅವ್ರ ಮಗಳು. ಬಾಯಿಗೂ ತಲೆಗೂ ನಡುವೆ ಅವ್ಳಿಗೆ ಗೇಟೇ ಇಲ್ಲ.

ಮೊದಲ್ನೇ ಸಲ ನಸೀಮಾ ಹಾರಿ ಗುಂಡಕ್ಕನ ಕಾಲು ಹಿಡಿದ್ಲು. ಬೂಟು ಕಿತ್ತು ಕೈಗೇ ಬಂತು. ಅದನ್ನ ಎತ್ತಿ ಹಿಡಿದು "ಸರ್, ಗುಂಡಕ್ಕನ ಕಾಲು ಮಾತ್ರ ಸಿಕ್ತು, ಪಾಯಿಂಟ್ ಉಂಟಾ?" ಅಂತ ಕೇಳಿದ್ಲು. ಮಾವ ಮರದ ಕಡೆ ತಿರುಗಿ ಗಂಭೀರವಾಗಿ, ಹಿಡಿತ ಚೆನ್ನಾಗಿತ್ತು, ಆದ್ರೆ ಮನುಷ್ಯರಾಗಿದ್ರೆ ಜೊತೆಗೆ ಉಳಿದಿದ್ದೂ ಬರ್ಬೇಕು ಅಂದ್ರು.

ನಗಬೇಡಿ. ಅಲ್ಲ, ನಗಿ, ಆದ್ರೆ ಒಂದು ಹೇಳ್ತೀನಿ. ಆ ಚೀಲದಿಂದ ನಮಗೆ ಒಂದು ದಿನಕ್ಕೂ ಮುಜುಗರ ಆಗ್ಲಿಲ್ಲ. ಬೇರೆ ಊರಿನ ತಂಡದೋರು, ಕೋಚ್ ಭುಜದ ಮೇಲೆ ಕೈ ಹಾಕಿದ್ರೆ ಏನ್ ಹೇಳ್ಬೇಕು ಗೊತ್ತಾಗಲ್ಲ ಅಂತ ನಮ್ಮ ಹತ್ರ ಗುಸುಗುಸು ಹೇಳಿದ್ದುಂಟು. ನಮಗೆ ಆ ತೊಂದ್ರೆ ಇರ್ಲಿಲ್ಲ. ಮಾವ ಸಾಮಾನಿನ ರೂಮಿನ ಬಾಗಿಲು ಹಾಕ್ತಿರ್ಲಿಲ್ಲ, ಕೊನೇ ಹುಡುಗಿ ಬಸ್ ಹತ್ತೋ ತನಕ ರಸ್ತೆ ಆಚೆ ನಿಂತಿರ್ತಿದ್ರು. ಎಲ್ಲ ಸರಿ. ಆದ್ರೆ ಅವ್ರ ಲೆಕ್ಕದಲ್ಲಿ ಮುಟ್ಟದೇ ಇರೋದೂ ಮಾತಾಡ್ದೇ ಇರೋದೂ ಎರಡೂ ಒಂದೇ ಆಗಿಬಿಟ್ಟಿತ್ತು. ಎಡವಟ್ಟಾಗಿದ್ದು ಅಲ್ಲೇ.

ಯಾಕಂದ್ರೆ ನಮಗೆ ತಿಂಗಳು ತಿಂಗಳು ಒಂದು ವಿಷಯ ಹೇಳ್ಬೇಕಾಗುತ್ತಲ್ಲ? ಮರದ ಹತ್ರ ಮಾತಾಡೋ ಮನುಷ್ಯನಿಗೆ ಅದನ್ನ ಹೇಗ್ರೀ ಹೇಳೋದು?

ಮೊದ್ಲು ಹೊಟ್ಟೆನೋವು ಅಂದ್ವಿ. ಮಾರನೇ ದಿನ ದೊಡ್ಡ ಫ್ಲಾಸ್ಕಲ್ಲಿ ಓಮದ ಕಷಾಯ ಬಂತು. ಒಬ್ಬರಿಗೆ ಹೊಟ್ಟೆನೋವು ಅಂದ್ರೆ ಒಂಬತ್ತೂ ಜನ ಕುಡೀಬೇಕು, ಹೊಟ್ಟೆನೋವು ಹರಡುತ್ತಂತೆ! ಒಂದು ವಾರ ನಮ್ಮ ಬೆವರೂ ಓಮದ ವಾಸನೆ ಹೊಡೀತಿತ್ತು. ಆಮೇಲೆ ಜ್ವರ ಅಂದ್ವಿ. ಆಟೋ ಕರೆಸಿ ನೇರ ಆಸ್ಪತ್ರೆಗೇ ಕಳ್ಸಿದ್ರು. ಡಾಕ್ಟ್ರು ಥರ್ಮಾಮೀಟರ್ ನೋಡಿ, ಜ್ವರ ಎಲ್ಲಿ ಅಂತ ಕೇಳಿದ್ರಂತೆ.

ಆಗ ನನ್ನ ತಲೆ ಓಡ್ತು. ಈ ಕತೇಲಿ ನನ್ನ ತಲೆ ಓಡಿದಾಗೆಲ್ಲ ಯಾರಿಗಾದ್ರೂ ಪೆಟ್ಟು ಬಿದ್ದಿದೆ, ಗಮನಿಸಿ. ನಮ್ಮೊಳಗೆ ಒಂದು ಗುಟ್ಟಿನ ಪದ ಇಟ್ಕೊಳ್ಳೋಣ ಅಂದೆ. ಏನಿಡೋದು? ನಮ್ಮ ಕಡೆ ಕಾಫಿ ಹೂವಾಗೋಕೆ ಬೇಸಿಗೇಲಿ ಒಂದು ಮಳೆ ಬೇಕು. ಅದಕ್ಕೆ ಬ್ಲಾಸಮ್ ಶವರ್ ಅಂತಾರೆ, ಬಾಯಲ್ಲಿ ಬರೀ ಬ್ಲಾಸಮ್. ಅದು ಬಂದ್ರೂ ಚಿಂತೆ, ಬರ್ದಿದ್ರೂ ಚಿಂತೆ, ತಡ ಆದ್ರಂತೂ ಮನೆಯೋರಿಗೆಲ್ಲ ಚಿಂತೆ. ಇದಕ್ಕಿಂತ ಸರಿಯಾದ ಪದ ಉಂಟಾ? ನಾನೇ ಹೆಸರಿಟ್ಟೆ. ನಾನೇ ಬೀಗಿದೆ. ಹದಿನೈದು ವರ್ಷ ಮಳೆ ಲೆಕ್ಕ ಬರೆದ ರೈಟರ್ ಮುಂದೆ ಆ ಪದ ಹೇಳಿದ್ರೆ ಏನಾಗುತ್ತೆ ಅಂತ ಮಾತ್ರ ಯೋಚಿಸ್ಲಿಲ್ಲ!

ಭವ್ಯ ನಮ್ಮ ರೈಡರ್. ದೇವರಮನೆ ಗುಡ್ಡದ ದಾರೀಲಿ ಅವ್ಳ ಹಳ್ಳಿ. ಅಪ್ಪನಿಗೆ ಸಣ್ಣ ತೋಟ, ದೊಡ್ಡ ಮೀಸೆ. ಮಗಳು ಚಡ್ಡಿ ಹಾಕ್ಕೊಂಡು ಆಡೋದಕ್ಕೆ ಮೊದ್ಲಿಂದ ಇಷ್ಟ ಇಲ್ಲ. "ಒಂದೇ ಒಂದು ಕಂಪ್ಲೇಂಟ್ ಬಂದ್ರೂ ಆಟ ಬಂದ್" ಅಂತ ಹೇಳಿಯೇ ಕಳಿಸ್ತಿದ್ರು. ಚಿಕ್ಕಮಗಳೂರಲ್ಲಿ ಜಿಲ್ಲಾ ಪಂದ್ಯಕ್ಕೆ ನಾಲ್ಕು ವಾರ ಇತ್ತು. ಭವ್ಯ ಇಲ್ದಿದ್ರೆ ನಾವು ಮೊದಲ್ನೇ ಸುತ್ತಿಗೇ ವಾಪಸ್ ಬಸ್ ಹತ್ತೋರು.

ಮಾರ್ಚ್ ತಿಂಗಳು. ಆ ವರ್ಷ ಬ್ಲಾಸಮ್ ಬಂದೇ ಇರ್ಲಿಲ್ಲ. ಎಲ್ಲರ ಕಣ್ಣೂ ಆಕಾಶದ ಮೇಲೆ. ನೀರಿದ್ದೋರು ತೋಟಕ್ಕೆ ಸ್ಪ್ರಿಂಕ್ಲರ್ ಹೊಡೀತಿದ್ರು, ಇಲ್ಲದೋರು ಮೋಡಕ್ಕೆ ಕೈ ಮುಗೀತಿದ್ರು. ಅವತ್ತು ಭವ್ಯ ಬರ್ಲಿಲ್ಲ. ಮಾವ ಹಾಜರಿ ಪುಸ್ತಕ ತೆಗೆದು, ಒಬ್ಬರು ಕಾಣ್ತಿಲ್ಲ, ಯಾಕೆ ಅಂತ ಗೊತ್ತಾಗ್ಬೇಕು ಅಂತ ಮರವನ್ನ ಕೇಳಿದ್ರು.

ಮರ ಸುಮ್ನಿತ್ತು. ನಸೀಮಾ ಸುಮ್ನಿರ್ಬೇಕಲ್ಲ!

"ಅವ್ಳಿಗೆ ಬ್ಲಾಸಮ್ ಆಗಿದೆ ಸರ್."

ಮೂರು ತಿಂಗಳಲ್ಲಿ ಮೊದಲ್ನೇ ಸಲ ಮಾವನ ಕತ್ತು ನಮ್ಮ ಕಡೆ ತಿರುಗ್ತು ನೋಡಿ. ಕಣ್ಣಲ್ಲಿ ದೀಪ ಹತ್ತಿದ ಹಾಗೆ.

"ಹೌದಾ? ಯಾವಾಗ?"

"ನಿನ್ನೆ ಸಂಜೆಯಿಂದ ಸರ್."

"ಎಷ್ಟು ಸೆಂಟು?"

ಇಂಚಿನ ನೂರನೇ ಭಾಗ ಒಂದು ಸೆಂಟು. ನಮ್ಮೂರಲ್ಲಿ ಮಳೇನ ಹಾಗೇ ಅಳೆಯೋದು. ಪೇಟೆ ಹುಡುಗಿ ನಸೀಮಾಗೆ ಸೆಂಟು ಅಂದ್ರೆ ಮೈಗೆ ಹಾಕ್ಕೊಳ್ಳೋದು ಮಾತ್ರ ಗೊತ್ತು. ಗಾಬರಿಯಾಗಿ, ಅದು ಗೊತ್ತಿಲ್ಲ ಸರ್, ಈ ಸಲ ಸ್ವಲ್ಪ ಜಾಸ್ತಿನೇ ಅಂತೆ, ಎದ್ದು ಓಡಾಡೋಕೂ ಆಗ್ತಿಲ್ವಂತೆ ಅಂದ್ಲು. ನಾವೆಲ್ಲ ನೆಲ ನೋಡ್ತಾ ನಿಂತ್ವಿ. ಮಾವ ಪೆನ್ನು ತೆಗೆದು, ಹಾಗಾದ್ರೆ ನೂರೈವತ್ತಕ್ಕೆ ಮೋಸ ಇಲ್ಲ ಅಂತ ಹಾಜರಿ ಪುಸ್ತಕದ ಮೂಲೇಲಿ ಬರ್ಕೊಂಡೇ ಬಿಟ್ರು! ಇನ್ನು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಬಂದ್ರೆ ಸಾಕು ಅಂದ್ರು. ಬ್ಯಾಕಿಂಗ್ ಅಂದ್ರೆ ಬ್ಲಾಸಮ್ ಆದ್ಮೇಲೆ ಕಾಯಿ ಕಚ್ಚೋಕೆ ಬೇಕಾಗೋ ಎರಡನೇ ಮಳೆ.

"ಇಪ್ಪತ್ತಕ್ಕೆ ಬರಲ್ಲ ಸರ್," ನಸೀಮಾ ಅಂದ್ಲು, "ಇಪ್ಪತ್ತೆಂಟು ಆಗುತ್ತೆ."

ನಾನು ಅವ್ಳ ಕಾಲು ತುಳಿದೆ. ತಡ ಆಗಿತ್ತು.

ಇಲ್ಲಿಗೇ ಮುಗಿದಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ. ಭವ್ಯನ ಹಳ್ಳಿ ಕಡೆ ಮಾವನ ಹಳೇ ಎಸ್ಟೇಟ್ ಸಾಹುಕಾರರಿಗೂ ಒಂದು ತೋಟ ಇತ್ತು. ಪ್ರಾಕ್ಟೀಸ್ ಮುಗಿಸಿದ್ದೇ ಮಾವ ಅವ್ರಿಗೆ ಫೋನ್ ಹಚ್ಚಿದ್ರು. ದೇವರಮನೆ ಕಡೆ ಒಂದೂವರೆ ಇಂಚು ಬ್ಲಾಸಮ್ ಆಗಿದೆ, ಆ ಊರಿನ ಹುಡುಗಿ ಸ್ವಂತ ಕಣ್ಣಲ್ಲಿ ಕಂಡಿದ್ದು ಅಂತ ಬೇರೆ ಸೇರಿಸಿ ಹೇಳಿದ್ರು. ಸಾಹುಕಾರ್ರು ಕುಣಿದಾಡಿ, ಅಲ್ಲಿದ್ದ ಸ್ಪ್ರಿಂಕ್ಲರ್ ಪೈಪೆಲ್ಲ ಬಿಚ್ಚಿಸಿ ಇನ್ನೊಂದು ತೋಟಕ್ಕೆ ಸಾಗಿಸಿದ್ರು. ಮಾರನೇ ದಿನ ಹೂವಿನ ಮೊಗ್ಗು ನೋಡೋಣ ಅಂತ ಜೀಪಲ್ಲಿ ಹೋದ್ರೆ, ಧೂಳು ಮೊಣಕಾಲಿನ ತನಕ! ಪೈಪು ಹೊತ್ತ ಆಳುಗಳು ಮತ್ತೆ ಅದೇ ಗುಡ್ಡ ಹತ್ತಿದ್ರು. ಪುಣ್ಯಕ್ಕೆ ಮೊಗ್ಗಿಗೇನೂ ಆಗ್ಲಿಲ್ಲ. ಮಾನಕ್ಕೆ ಆಯ್ತು.

ಸಾಹುಕಾರ್ರು ಮಾವನ್ನ ಕೇಳಿದ್ರು, ಮಾವ ಭವ್ಯನ ಹೆಸರು ಹೇಳಿದ್ರು, ಸಾಹುಕಾರ್ರು ಭವ್ಯನ ಅಪ್ಪನಿಗೆ ಫೋನ್ ಮಾಡಿದ್ರು. ಏನಪ್ಪ, ನಿನ್ನ ಮಗಳು ಊರಿಗೆಲ್ಲ ಮಳೆ ಹಂಚ್ತಾಳಂತೆ ಅಂತ ನಕ್ಕರಂತೆ. ಮೀಸೆ ಮನುಷ್ಯನಿಗೆ ಆ ನಗು ತಡ್ಕೊಳ್ಳೋಕಾಗ್ಲಿಲ್ಲ. ಪ್ರಾಕ್ಟೀಸ್ ತಪ್ಪಿಸೋಕೆ ಮಳೆ ಬಂತು ಅಂತ ಸುಳ್ಳು ಹೇಳಿದ್ಯಾ ಅಂತ ಮಗಳನ್ನ ಹಿಡ್ಕೊಂಡ್ರು. ಅವ್ಳು ಏನ್ ಹೇಳ್ತಾಳೆ? ಅದು ಆ ಮಳೆ ಅಲ್ಲ ಅಪ್ಪ ಅಂತ ಹೇಳೋಕಾಗುತ್ತಾ? ಬಾಯಿ ಬಿಡ್ಲಿಲ್ಲ. ಆಟ ಬಂದ್ ಆಯ್ತು. ಅದೇ ಬಸ್ಸಲ್ಲಿ ಅವ್ಳ ಜೊತೆ ಬರ್ತಿದ್ದ ಇನ್ನಿಬ್ಬರೂ ನಿಂತ್ರು. ಒಂಬತ್ತರಲ್ಲಿ ಮೂರು ಕಳೀರಿ. ಆರು ಜನಕ್ಕೆ ಕಬಡ್ಡಿ ತಂಡ ಅನ್ನಲ್ಲ, ಪಿಕ್ನಿಕ್ ಅಂತಾರೆ.

ಮಾವ ಅವತ್ತು ಗ್ರೌಂಡಿಗೆ ಬಂದು, ಮರದ ಕಡೆ ತಿರುಗಿ, ಸುಳ್ಳು ಹೇಳೋರು ಈ ಆಟಕ್ಕೆ ಬರ್ಬಾರ್ದು ಅಂದ್ರು.

ಅದು ನನಗೆ ಎಲ್ಲೋ ನಾಟ್ತು. ಭವ್ಯ ಸುಳ್ಳು ಹೇಳಿರ್ಲಿಲ್ಲ. ಅವ್ಳು ಅವತ್ತು ಅಲ್ಲಿ ಇರ್ಲೇ ಇಲ್ಲ! ಗುಟ್ಟಿನ ಪದ ಕಟ್ಟಿದ್ದು ನಾನು, ಒದರಿದ್ದು ನಸೀಮಾ, ಬರ್ಕೊಂಡಿದ್ದು ಮಾವ, ಮನೇಲಿ ಕೂತಿದ್ದು ಅವ್ಳು.

ಪ್ರಾಕ್ಟೀಸ್ ಮುಗಿದ್ಮೇಲೆ ಮಾವನ ಸ್ಕೂಟರಲ್ಲೇ ನಾನು ಮನೆಗೆ ಹೋಗೋದು. ಸ್ಕೂಟರಲ್ಲಿ ಒಂದು ಅನುಕೂಲ, ಇಬ್ಬರೂ ಮುಂದೆ ನೋಡ್ತಿರ್ತೀವಿ. ಅವ್ರ ಬೆನ್ನಿಗೆ ಹೇಳಿದೆ. ಬ್ಲಾಸಮ್ ಅಂದ್ರೆ ಮಳೆ ಅಲ್ಲ ಮಾವ, ಭವ್ಯಂಗೆ ಮುಟ್ಟಾಗಿತ್ತು, ನಿಮಗೆ ಹೇಳೋಕೆ ನಾಚಿಕೆ ಅಂತ ಆ ಹೆಸರಿಟ್ಟಿದ್ದು ನಾನೇ ಅಂತ ಒಂದೇ ಉಸಿರಲ್ಲಿ ಹೇಳ್ಬಿಟ್ಟೆ. ರೈಡಿಗೆ ಹೋಗಿದ್ರೂ ಅಷ್ಟು ಉಸಿರು ಕಟ್ಟುತ್ತಿರ್ಲಿಲ್ಲ.

ಸ್ಕೂಟರ್ ನಿಧಾನ ಆಯ್ತು. ಆಮೇಲೆ ನಿಂತೇ ಬಿಡ್ತು. ಒಂದು ಲಾರಿ ಹೋಯ್ತು, ಎರಡು ಜೀಪ್ ಹೋಯ್ತು. ಮಾವ ಹಿಂದೆ ತಿರುಗ್ಲಿಲ್ಲ.

"ಇಪ್ಪತ್ತೆಂಟು ದಿನ ಅಂದ್ಲಲ್ಲ ಆ ಹುಡುಗಿ" ಅಂದ್ರು.

ನಾನು ನಗೋದಾ ಬೇಡ್ವಾ ಗೊತ್ತಾಗ್ದೆ ಹೂಂ ಅಂದೆ.

ಹ್ಯಾಂಡಲ್ ಮೇಲಿನ ಧೂಳು ಒರೆಸ್ತಾ ಮತ್ತೆ ಹೇಳಿದ್ರು. "ತೋಟದಲ್ಲಿ ಹೆಣ್ಣಾಳುಗಳು ಬಂದು ರೈಟ್ರೇ, ಸೊಂಟನೋವು, ಇವತ್ತು ಆಗಲ್ಲ ಅಂತಿದ್ರು. ಕಳ್ಳಾಟ ಅಂತ ವಾಪಸ್ ಕಳಿಸ್ತಿದ್ದೆ ಕಣೇ. ಹದಿನೈದು ವರ್ಷ. ಒಂದ್ಸಲನೂ ಮುಖ ನೋಡಿ ಕೇಳ್ಲಿಲ್ಲ."

ಅದು ನನ್ನ ಹತ್ರ ಹೇಳಿದ್ದಲ್ಲ ಅನ್ನಿಸ್ತು. ಸ್ಕೂಟರ್ ಸ್ಟಾರ್ಟ್ ಆಯ್ತು, ಆದ್ರೆ ಮನೆ ಕಡೆ ತಿರುಗ್ಲಿಲ್ಲ. ದೇವರಮನೆ ರಸ್ತೆಗೆ ತಿರುಗ್ತು.

ದಾರಿ ಉದ್ದಕ್ಕೂ ಏನ್ ಹೇಳೋದು ಅಂತ ನನ್ನನ್ನೇ ಕೇಳ್ತಾ ಬಂದ್ರು. ನಿಜ ಹೇಳಿದ್ರೆ ಹುಡುಗಿ ಮಾನ ಹೋಗುತ್ತೆ, ಸುಳ್ಳು ಹೇಳಿದ್ರೆ ಇನ್ನೊಂದು ಸುಳ್ಳಾಗುತ್ತೆ. ನನ್ನ ತಲೆ ಓಡಿಸ್ಲಾ ಅಂದೆ. ಬೇಡ ಅಂದ್ರು.

ಭವ್ಯನ ಅಪ್ಪ ಅಂಗಳದಲ್ಲೇ ಕೂತಿದ್ರು. ಮಾವ ಚಪ್ಪಲಿ ಬಿಟ್ಟು, ಕೂರದೇ, ನಿಂತ್ಕೊಂಡೇ ಹೇಳಿದ್ರು. "ನಿಮ್ಮ ಮಗಳು ಮಳೆ ಅಂತ ಹೇಳೇ ಇಲ್ಲ ಗೌಡ್ರೇ. ಮೈ ಹುಷಾರಿಲ್ಲ ಅನ್ನೋ ಸುದ್ದಿ ಬಂದಿತ್ತು. ಕೇಳಿಸ್ಕೊಳ್ಳೋ ಬುದ್ಧಿ ನಂಗಿರ್ಲಿಲ್ಲ. ತಪ್ಪು ಪೂರ್ತಿ ನಂದೇ. ಸಾಹುಕಾರ್ರಿಗೂ ಈಗ್ಲೇ ನಿಮ್ಮ ಮುಂದೇನೇ ಹೇಳ್ತೀನಿ." ಅಂದೋರೇ ಅಲ್ಲೇ ಫೋನ್ ಮಾಡಿ ಸ್ಪೀಕರ್ ಹಾಕಿದ್ರು. ಸಾಹುಕಾರ್ರು ಆ ಕಡೆಯಿಂದ ಬೈದ ಬೈಗುಳ ಪೂರ್ತಿ ಅಂಗಳದಲ್ಲಿ ಮೊಳಗ್ತು. ಕೇಳ್ತಾ ಕೇಳ್ತಾ ಗೌಡ್ರ ಮೀಸೆ ಸ್ವಲ್ಪ ಸ್ವಲ್ಪ ಇಳೀತು. ಬೇರೆಯೋರು ಬೈಸ್ಕೊಳ್ಳೋದು ಕೇಳೋಕೆ ಎಷ್ಟು ಹಿತ ಅಲ್ವಾ?

ಭವ್ಯ ಬಾಗಿಲ ಹತ್ರ ನಿಂತಿದ್ಲು. ಮಾವ ತಿರುಗಿದ್ರು. ಅಂಗಳದ ಸುತ್ತ ಬೇಕಾದಷ್ಟು ಮರ ಇದ್ವು, ಸತ್ಯವಾಗ್ಲೂ, ಒಂದು ಹಲಸಿನ ಮರವಂತೂ ಅವ್ಳ ಹಿಂದೇನೇ ಇತ್ತು. ಅವ್ರು ಅವ್ಳ ಮುಖಾನೇ ನೋಡಿದ್ರು.

"ನಾಳೆ ಬರ್ತೀಯಾ ಭವ್ಯ?"

ಬರ್ಬೇಕು ಅಲ್ಲ. ಬರ್ತೀಯಾ! ಅಲ್ಲೀತನಕ ನಮ್ಮ ತಂಡದಲ್ಲಿ ಒಬ್ಬರನ್ನೂ ಅವ್ರು ಹೆಸರು ಹಿಡಿದು ಕರೆದಿರ್ಲಿಲ್ಲ.

ಭವ್ಯ ಅಪ್ಪನ ಮುಖ ನೋಡಿದ್ಲು. ಗೌಡ್ರು ಆಕಾಶ ನೋಡಿದ್ರು. ನಮ್ಮ ಕಡೆ ಅದಕ್ಕೆ ಒಪ್ಪಿಗೆ ಅಂತ ಅರ್ಥ. ಅವ್ಳು ಮೆತ್ತಗೆ, ಬರ್ತೀನಿ, ಆದ್ರೆ ಸುಳ್ಳು ಹೇಳೋರು ಅಂತ ಎಲ್ಲರ ಮುಂದೆ ಅಂದ್ರಂತಲ್ಲ ಸರ್, ನಸೀಮಾ ಫೋನ್ ಮಾಡಿ ಹೇಳಿದ್ಲು, ಅದನ್ನೂ ಎಲ್ಲರ ಮುಂದೇನೇ ವಾಪಸ್ ತಗೋಬೇಕು ಅಂದ್ಲು. ಮಾವ ತಗೊಂಡ್ರು. ಮಾರನೇ ದಿನ, ನಮ್ಮ ಕಡೆ ಮುಖ ಮಾಡಿ, ಬೆವರು ಒರೆಸ್ಕೊಳ್ತಾ. ಹೋದ ಮೂರೂ ಜನ ವಾಪಸ್ ಬಂದ್ರು.

ಆಮೇಲೆ ಶುರುವಾಯ್ತು ನೋಡಿ ಎರಡನೇ ಕಾಟ! ಇಷ್ಟು ದಿನ ಮಾತಾಡದ ಮನುಷ್ಯ ಈಗ ಬಾಯಿ ಮುಚ್ತಿಲ್ಲ. ಏನಕ್ಕೂ ಕೇಳೋದೇ. ಶಿಳ್ಳೆ ಊದ್ಲಾ? ಇವತ್ತು ಎಷ್ಟು ಸುತ್ತು ಓಡ್ತೀರ? ನಾನು ಬೈದಿದ್ದು ಜಾಸ್ತಿ ಆಯ್ತಾ, ಸರಿ ಆಯ್ತಾ? ನಸೀಮಾ ಒಂದಿನ ತಡ್ಕೊಳ್ಳೋಕಾಗ್ದೆ, ಸರ್, ಬೈಯೋದಾದ್ರೆ ಸುಮ್ನೆ ಬೈದ್ಬಿಡಿ, ಅರ್ಜಿ ಹಾಕ್ಬೇಡಿ ಅಂದ್ಲು. ನಾನು ಹೇಳಿದ್ದಕ್ಕೆ ಅಮ್ಮ ಆಸ್ಪತ್ರೆಯ ನರ್ಸಮ್ಮನ್ನ ಗ್ರೌಂಡಿಗೆ ಕರೆಸಿ ನಮಗೆ ಈ ವಿಷಯ ಹೇಳಿಸಿದ್ರು. ಮಾವ ಎದ್ದು ಹೋಗ್ತಾರೆ ಅಂದ್ಕೊಂಡ್ರೆ, ಮುಂದಿನ ಸಾಲಲ್ಲಿ ಕೂತು ನೋಟ್ಸ್ ಬರ್ಕೊಂಡ್ರು! ಕೊನೇಲಿ ಕೈ ಎತ್ತಿ, ಅಂಥ ದಿನ ಓಡಿಸ್ಬಹುದಾ ಅಂತ ಕೇಳಿದ್ರು. ನಮಗೆಲ್ಲ ಭೂಮಿ ಬಾಯಿ ಬಿಡಲಿ ಅನ್ನಿಸ್ತು. ನರ್ಸಮ್ಮ ಮಾತ್ರ ಕನ್ನಡಕ ಸರಿಮಾಡ್ಕೊಂಡು, ಅದನ್ನ ನನ್ನನ್ನ ಯಾಕೆ ಕೇಳ್ತೀರ, ಓಡೋರು ಎದುರಿಗೇ ಇದಾರಲ್ಲ ಅಂದ್ರು. ಮಾವ ಅದನ್ನೂ ಬರ್ಕೊಂಡು ಕೆಳಗೆ ಎರಡು ಗೆರೆ ಎಳೆದ್ರು.

ಚಿಕ್ಕಮಗಳೂರಿಗೆ ಹೋದ್ವಿ. ನಂಬ್ತೀರೋ ಇಲ್ವೋ, ಸೆಮಿಫೈನಲ್ ತನಕ ಬಂದ್ವಿ. ಭವ್ಯ ಅವತ್ತು ಆಡಿದ ಆಟ ನೀವು ನೋಡ್ಬೇಕಿತ್ತು. ಎದುರಿನೋರು ಎತ್ತರಕ್ಕೆ, ದಪ್ಪಕ್ಕೆ ನಮ್ಮ ಒಂದೂವರೆ ಪಟ್ಟು. ಅವ್ಳು ಅವ್ರ ನಡುವೆ ನುಸುಳಿ ಗೆರೆ ಮುಟ್ಟಿ ಬರ್ತಿದ್ಲು. ಕೊನೇ ನಾಲ್ಕು ನಿಮಿಷ ಇದ್ದಾಗ ನಾವು ಒಂದು ಪಾಯಿಂಟ್ ಮುಂದೆ. ಫೈನಲ್ ಅಲ್ಲೇ, ಕೈ ಚಾಚಿದ್ರೆ ಸಿಗೋ ಹಾಗೆ. ಬೆಂಚ್ ಹತ್ರ ನಮ್ಮೂರಿಂದ ಬಂದೋರೆಲ್ಲ ಎದ್ದು ನಿಂತಿದ್ರು. ಭವ್ಯನ ಅಪ್ಪನೂ ಬಂದಿದ್ರು.

ಆಗ ಭವ್ಯ ಟೈಮ್ ಔಟ್ ಕೇಳಿದ್ಲು. ನೇರ ಮಾವನ ಹತ್ರ ಹೋದ್ಲು. ನಾವೆಲ್ಲ ಅವ್ಳ ಹಿಂದೆ. ಪಕ್ಕದಲ್ಲಿ ಬೇರೆ ತಂಡದ ಕೋಚುಗಳು ಕೂತಿದ್ರು. ಅವ್ಳು ದನಿ ತಗ್ಗಿಸ್ಲಿಲ್ಲ.

"ಸರ್, ನಂಗೆ ಮುಟ್ಟಾಗಿದೆ. ಬೆಳಿಗ್ಗೆಯಿಂದ ತಡ್ಕೊಂಡೆ. ಈಗ ಕಣ್ಣು ಕತ್ತಲೆ ಬರ್ತಿದೆ."

ಪಕ್ಕದ ಕೋಚುಗಳಿಗೆ ಇದ್ದಕ್ಕಿದ್ದ ಹಾಗೆ ಸ್ಕೋರ್ ಬೋರ್ಡ್ ತುಂಬಾ ಚಂದ ಕಾಣ್ತು. ಒಬ್ರು ಶೂ ಲೇಸ್ ಕಟ್ಕೊಂಡ್ರು, ಚಪ್ಪಲಿ ಹಾಕಿದ್ರೂ! ಮಾವ ಎಲ್ಲೂ ನೋಡ್ಲಿಲ್ಲ.

"ಆಡ್ತೀಯಾ, ಕೂರ್ತೀಯಾ? ಯಾವ್ದು ಹೇಳಿದ್ರೂ ಸರಿ."

"ಕೂರ್ತೀನಿ ಸರ್."

ಅಷ್ಟೇ. ಯಾಕೆ, ಏನು, ಇನ್ನು ನಾಲ್ಕೇ ನಿಮಿಷ, ಒಂಚೂರು ತಡ್ಕೋ, ಯಾವ್ದೂ ಇಲ್ಲ. ನೀರಿನ ಬಾಟಲ್ ಕೊಟ್ಟು, ತಮ್ಮ ಸ್ವೆಟರ್ ಮಡಚಿ ಬೆಂಚ್ ಮೇಲಿಟ್ಟು ಪಕ್ಕಕ್ಕೆ ಸರಿದ್ರು. ಅವ್ಳ ಅಪ್ಪ ಗಂಟಲು ಸರಿಮಾಡ್ಕೊಂಡು, ಬಿಸಿ ಚಾ ಎಲ್ಲಿ ಸಿಗುತ್ತೆ ಅಂತ ಹುಡುಕೋಕೆ ಹೋದ್ರು. ಭವ್ಯ ಜಾಗಕ್ಕೆ ಬೇರೊಬ್ಬಳು ಇಳಿದ್ಲು, ರೈಡಿಗೆ ನಾನು ಹೋದೆ. ಏನಾಯ್ತು ಅಂತ ಕೇಳ್ಬೇಡಿ. ಸರಿ, ಹೇಳ್ತೀನಿ. ಮೂರು ಜನ ನನ್ನ ಮೇಲೆ ಬಿದ್ರು. ಎರಡು ಪಾಯಿಂಟಿಂದ ಸೋತ್ವಿ.

ಸಂಜೆ ಬಸ್ಸಲ್ಲಿ ವಾಪಸ್ ಬರ್ತಿದ್ವಿ. ಭವ್ಯ ನಸೀಮಾ ಹೆಗಲ ಮೇಲೆ ನಿದ್ದೆ ಹೋಗಿದ್ಲು. ಮಾವ ಮುಂದಿನ ಸೀಟಲ್ಲಿ ಒಬ್ರೇ ಕೂತು ಕಿಟಕಿ ನೋಡ್ತಿದ್ರು. ಬೆನ್ನು ಅಲುಗಾಡ್ತಿತ್ತು. ಸೋತಿದ್ದಕ್ಕೆ ಅಳ್ತಿದಾರೆ ಅಂದ್ಕೊಂಡೆ, ಸೋಲಿಸಿದ್ದು ನಾನೇ ತಾನೆ. ಹೋಗಿ ಪಕ್ಕ ಕೂತು ಕೈ ಹಿಡ್ಕೊಂಡೆ. ನಾನು ಇನ್ನೊಂದು ಹೆಜ್ಜೆ ಬೇಗ ತಿರುಗಿದ್ರೆ ಗೆರೆ ಸಿಕ್ತಿತ್ತು ಮಾವ, ಬೇಜಾರ್ ಮಾಡ್ಕೋಬೇಡಿ ಅಂದೆ.

ಅವ್ರು ನನ್ನ ಕಡೆ ತಿರುಗಿದ್ರು. ಅಳ್ತಾ ಇದ್ದಿದ್ದು ನಿಜ. ಆದ್ರೆ ಮುಖದ ತುಂಬಾ ನಗು.

"ಹೇಳಿದ್ಲು ಕಣೇ," ಅಂದ್ರು, "ಅಷ್ಟು ಜನ ಇದ್ರು. ನಂಗೇ ಬಂದು ಹೇಳಿದ್ಲು."

ಮೂಡಿಗೆರೆ ಬರೋ ತನಕ ನಾನು ಅವ್ರ ಕೈ ಬಿಡ್ಲಿಲ್ಲ.

ನಿಮಗೆ ಆಟ ಕಲಿಸಿದೋರು ಹೇಗಿದ್ರು? ಅವ್ರಿಗೆ ಬಾಯಿ ಬಿಟ್ಟು ಹೇಳ್ದೆ ನುಂಗ್ಕೊಂಡಿದ್ದು ಏನಾದ್ರೂ ಇದೆಯಾ? ಅಥ್ವಾ ನೀವೇ ಕಲಿಸೋರಾಗಿದ್ರೆ, ನಿಮ್ಮ ಹತ್ರ ಯಾರಾದ್ರೂ ಮೊದಲ್ನೇ ಸಲ ಬಂದು ಹೇಳಿದ ದಿನ ನೆನಪಿದೆಯಾ? ಕೆಳಗೆ ಬರೀರಿ. ಸಣ್ಣದಾದ್ರೂ ಪರ್ವಾಗಿಲ್ಲ, ನಾಚಿಕೆ ಆದ್ರೆ ಹೆಸರು ಹಾಕ್ಬೇಡಿ. ಒಂದೊಂದನ್ನೂ ಮಾವನಿಗೆ ಓದಿ ಹೇಳ್ತೀನಿ, ಅವ್ರು ಕೇಳಿಸ್ಕೊಳ್ತಾರೆ.